ಎಲ್ಲಾ ದಾರಿಗೂ ಸೈ ಎನ್ನುವ ಗಾಡಿ

ಈ ವರ್ಷ ಒಂದೇ ಒಂದು ಪೈರಿನ ಕಟ್ಟೂ ನನ್ನ ತಲೆ ಏರುವುದಿಲ್ಲ! ಹೀಗೆಂದು ಶಪಥ ಮಾಡಿದವನು ಸಾಕ್ಷಾತ್ ನಾನೇ, ಹೆಮ್ಮಿಗೆಯ ರಾಚಯ್ಯ. ಇಪ್ಪತ್ತೆರಡು ವರ್ಷ ಗದ್ದೆಗೆ ಪೈರು ಹೊತ್ತು ನೆತ್ತಿಯ ಕೂದಲೆಲ್ಲ ಮಾಯವಾಗಿತ್ತು. ಇನ್ನು ಹೊರುವುದು ಗಾಡಿ!

ಮೂರು ತಿಂಗಳು ಮೊಬೈಲಿನ ಮುಂದೆ ತಪಸ್ಸು ಮಾಡಿದೆ. ಹಾರ್ಸ್ ಪವರ್, ಟಾರ್ಕ್, ಗ್ರೌಂಡ್ ಕ್ಲಿಯರೆನ್ಸ್ ಎಲ್ಲ ಬಾಯಿಪಾಠ.

"ಹೆಣ್ಣು ನೋಡುವಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ" ಎಂದು ಹೆಂಡತಿ ಗುರುಸಿದ್ದಮ್ಮನ ಮುಂದೆ ಕೊಚ್ಚಿಕೊಂಡೆ.

"ನಮ್ಮಪ್ಪನೂ ವಿಚಾರುಸ್ನಿಲ್ಲ ಬುಡಿ" ಎಂದಳು.

ನಾಟಿಯ ದಿನವೇ ಟ್ರಯಲ್ ಗೊತ್ತು ಮಾಡಿದೆ. ಗುರುಸಿದ್ದಮ್ಮ ಹನ್ನೆರಡು ಹೆಂಗಸರನ್ನು ಮುಯ್ಯಿಗೆ ಕರೆದಿದ್ದಳು. ಮುಯ್ಯಿಗೆ ಕೂಲಿಯಿಲ್ಲ, ಇವತ್ತು ನಮ್ಮ ಗದ್ದೆಗೆ ಅವರು, ನಾಳೆಯಿಂದ ಅವರ ಗದ್ದೆಗೆ ಇವಳು. ಇವತ್ತು ನಾಟಿ ಮುಗಿಯದಿದ್ದರೆ ನಮ್ಮ ಸರದಿ ಮತ್ತೆ ಬರುವುದು ಹದಿಮೂರನೇ ದಿನಕ್ಕೆ. ಅಷ್ಟರಲ್ಲಿ ಪೈರು ಬಲಿತು ಹೋಗುತ್ತದೆ.

ನಂಜನಗೂಡಿನ ಶೋರೂಮಿನ ಗಂಗಾಧರಸ್ವಾಮಿ ಗಾಡಿ ಇಳಿಸಿದ. ನಾಲ್ಕು ದಪ್ಪ ಚಕ್ರ, ಹಿಂದೆ ಪುಟ್ಟ ಟ್ರಾಲಿ.

"ಬೆಟ್ಟ, ಮರಳು, ಹಿಮ, ಎಲ್ಲಾ ಕಡೆ ಓಡ್ತದೆ ಸಾ!" ಎಂದು ಗಾಡಿಯ ಬೆನ್ನು ತಟ್ಟಿದ.

"ನಮ್ಮೂರಲ್ಲಿ ಹಿಮ ಬಿದ್ದಾಗ ತಂದ್ಕಳವ. ಗದ್ದೆ ಬದಿನ್ ಮ್ಯಾಲೆ ಓಡ್ತದಾ, ಕೇಳಿ" ಎಂದಳು ಗುರುಸಿದ್ದಮ್ಮ.

"ನಿನಗೆ ಟಾರ್ಕ್ ಗೊತ್ತಾ?" ಎಂದು ಅವಳ ಬಾಯಿ ಮುಚ್ಚಿಸಿ, ಟ್ರಾಲಿಗೆ ಪೈರು ಹೇರಿ, ದಂಡಯಾತ್ರೆಗೆ ಹೊರಟ ರಾಜನಂತೆ ಬದು ಹತ್ತಿದೆ. ಗಾಡಿಯ ಅಗಲ ನಾಲ್ಕಡಿ. ಬದುವಿನ ಅಗಲ ಒಂದೂವರೆ ಅಡಿ. ಮೂರು ತಿಂಗಳಲ್ಲಿ ನಾನು ವಿಚಾರಿಸದೆ ಬಿಟ್ಟದ್ದು ಅದೊಂದನ್ನೇ!

ಬದು ಕುಸಿಯಿತು. ಗಾಡಿ, ಪೈರು, ನಾನು, ಮೂವರೂ ಕೆಸರಿಗೆ! ಎಕ್ಸಲರೇಟರ್ ಒತ್ತಿದಷ್ಟೂ ಗಾಡಿ ಪಾತಾಳಕ್ಕೆ ಇಳಿಯಿತು. ಕ್ಲಿಯರೆನ್ಸ್ ಹಾಳಾಗಲಿ, ಗ್ರೌಂಡೇ ಕಾಣಲಿಲ್ಲ!

"ಸಾ, ಡೆಮೊ ಗಾಡಿ ಸಾ! ಸಂಜೆಗೆ ವಾಪಸ್ ಓಗ್ಬೇಕು!" ಗಂಗಾಧರಸ್ವಾಮಿ ಅಳುವುದೊಂದು ಬಾಕಿ.

ಸಸಿಮಡಿಯ ಪಕ್ಕದ ಅರ್ಧ ಗದ್ದೆ ನೆಟ್ಟಿದ್ದ ಹೆಂಗಸರೆಲ್ಲ ನಾಟಿ ಬಿಟ್ಟು, ಹಗ್ಗ ಕಟ್ಟಿ ಎಳೆದರು. ಗಾಡಿ ಮೇಲೆ ಬರುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ.

"ಅರ್ಧ ಗದ್ದೆ ಅಂಗೇ ಅದೆ ಕಣ್ರೀ. ಪೈರೆಲ್ಲಾ ಬಲ್ತೋಯ್ತದೆ" ಎಂದಳು ಗುರುಸಿದ್ದಮ್ಮ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳ ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಟವೆಲ್ಲನ್ನು ಸಿಂಬಿ ಸುತ್ತಿ ತಲೆಗಿಟ್ಟೆ. ಅದರ ಮೇಲೆ ಪೈರಿನ ಕಟ್ಟು. ಓಡಿದೆ ನೋಡಿ ಬದುವಿನ ಮೇಲೆ! ಒಮ್ಮೆಯೂ ಜಾರಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ನಾಟಿ ಮುಗಿಯಿತು.

ಕೈಕಾಲು ತೊಳೆದುಕೊಂಡು ಮುಯ್ಯಾಳುಗಳ ಹಿರಿಯಳಾದ ಪಾಪಮ್ಮ ನ್ಯಾಯ ತೆಗೆದಳು: "ನಾಟಿ ಮುಯ್ಯಿ ಗುರುಸಿದ್ದಮ್ಮ ತೀರುಸ್ತಳೆ. ಗಾಡಿ ಎಳ್ದ ಮುಯ್ಯಿ ಯಾರು ತೀರ್ಸಾರು?"

ಹನ್ನೆರಡು ಜೊತೆ ಕಣ್ಣು ನನ್ನ ಕಡೆ ತಿರುಗಿದವು.

ಗುರುಸಿದ್ದಮ್ಮ ಥೇಟ್ ಗಂಗಾಧರಸ್ವಾಮಿಯ ಹಾಗೆ ನನ್ನ ಬೆನ್ನು ತಟ್ಟಿದಳು. "ನಾಳಿಂದ ಅನ್ನೆಲ್ಡು ದಿನ ಪೈರು ಹೊರಾಕೆ ನಮ್ಮನೆ ಗಾಡಿನೇ ಕಳುಸ್ತೀನಿ ಕಣಕ್ಕ. ಅಗಲ ಒಂದೂವರೆ ಅಡಿ, ಬದಿನ್ ಮ್ಯಾಲೂ ಓಡ್ತದೆ. ಬೆಳಿಗ್ಗೆ ಎಲ್ಡು ಮುದ್ದೆ ಹಾಕ್ಬುಡಿ, ಸಾಕು!"