ಫಿಟ್ಟಿಂಗ್ ಮಾಸ್ಟರು ಕಾರು ಕೊಂಡಿದ್ದು

ಎಲ್ಲದಕ್ಕೂ ಕಾರಣ ಎರಡೇ ಎರಡು ಮೆಟ್ಟಿಲು. ಫಿಟ್ಟಿಂಗ್ ಮಾಸ್ಟರ ಮನೆಯ ಮುಂದಿನ ಆ ಮೆಟ್ಟಿಲುಗಳನ್ನು ಅವರ ತಾಯಿ ಇಳಿದು ಎರಡು ವರ್ಷವಾಗಿತ್ತು. ಮಂಡಿ ಬಗ್ಗುತ್ತಿರಲಿಲ್ಲ. ಹೊಲಿಗೆ ಶಾಲೆಯಲ್ಲಿ ಕೋಟು ಹೊಲಿದ ಮೊಮ್ಮಗಳಿಗೆ ಮೊದಲ ಬಹುಮಾನ ಬಂದಿದೆ, ಭಾನುವಾರ ನಾಲ್ಕು ಗಂಟೆಗೆ ವೇದಿಕೆಯ ಮೇಲೆ ಕೊಡುತ್ತಾರೆ ಎಂದು ತಿಳಿದಾಗ ಅಜ್ಜಿ, "ನಾನೂ ನೋಡಬೇಕಿತ್ತು" ಎಂದು ಮಂಡಿ ಸವರಿಕೊಂಡರು.

ಮಾಸ್ಟರು ಆಗ ಮುಂದಿನ ಕೋಣೆಯ ಅಂಗಡಿಯಲ್ಲಿ ಗಿರಾಕಿಯೊಬ್ಬನ ಸೊಂಟಕ್ಕೆ ಟೇಪು ಸುತ್ತಿದ್ದರು. "ನೋಡೇ ನೋಡ್ತೀಯಮ್ಮ. ನಮ್ಮದೇ ಕಾರಲ್ಲಿ ಕೂತು ಹೋಗಿ ನೋಡ್ತೀಯ" ಎಂದುಬಿಟ್ಟರು. ಗಿರಾಕಿ ಕೇಳಿಸಿಕೊಂಡ. ಹೆಂಡತಿ ಕೇಳಿಸಿಕೊಂಡಳು. ಎದುರು ಅಂಗಡಿಯ ಸಡಿಲ ಮಾಸ್ಟರೂ ಕೇಳಿಸಿಕೊಂಡರು.

"ಯಾವ ಕಾರು ರೀ?" ಎಂದಳು ಹೆಂಡತಿ, ಗಿರಾಕಿ ಹೋದ ಮೇಲೆ. "ಒಂದು ದಿನಕ್ಕೆ ಬಾಡಿಗೆ ಕಾರು ತಂದ್ರೆ ಆಗಲ್ವಾ?"

"ಬಾಡಿಗೆ ಕೋಟು ಹಾಕ್ಕೊಂಡು ಮದುವೆಗೆ ಹೋಗೋರನ್ನ ಕಂಡ್ರೆ ನಂಗಾಗಲ್ಲ, ಗೊತ್ತಲ್ಲ ನಿಂಗೆ? ಹಳೇದಾದ್ರೂ ಸ್ವಂತದ್ದು ಇರ್ಬೇಕು."

ಫಿಟ್ಟಿಂಗ್ ಮಾಸ್ಟರು ಎಂಬ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಅವರು ಹೊಲಿದ ಬಟ್ಟೆ ಮೈಗೆ ಅಂಟಿದ ಹಾಗೆ ಕೂರುತ್ತಿತ್ತು. ಮುಂದೆ ಬೇಕಾದರೆ ಬಿಚ್ಚಿ ಅಗಲಿಸಲಿ ಎಂದು ಹೊಲಿಗೆಯ ಒಳಗೆ ಬಟ್ಟೆ ಬಿಡುವ ಪದ್ಧತಿ ಇದೆಯಲ್ಲ, ಅದು ಅವರಿಗೆ ಕಂಡರಾಗದು. "ಅಳತೆ ಸರಿ ಇದ್ದೋನಿಗೆ ಒಳಗೆ ಬಟ್ಟೆ ಯಾಕ್ರೀ ಬೇಕು? ಅದು ಕೈಲಾಗದೋರ ಕೆಲಸ" ಎನ್ನುತ್ತಿದ್ದರು. ಅವರ ಗಿರಾಕಿಗಳು ಅಂಗಡಿಯಿಂದ ರಾಜರ ಹಾಗೆ ಹೊರಬರುತ್ತಿದ್ದರು, ಆದರೆ ಉಸಿರು ಬಿಗಿಹಿಡಿದು. ಎದುರು ಅಂಗಡಿಯವರದು ಇನ್ನೊಂದು ಮತ. "ಇವತ್ತಿನ ಮೈ ನಾಳೆ ಇರುತ್ತಾ?" ಎಂದು ಎಲ್ಲದರಲ್ಲೂ ಧಾರಾಳವಾಗಿ ಎರಡಿಂಚು ಬಿಡುತ್ತಿದ್ದರು. ಹಾಗಾಗಿ ಅವರು ಸಡಿಲ ಮಾಸ್ಟರು. ಇಬ್ಬರಿಗೂ ಜಗಳವಿರಲಿಲ್ಲ, ಸ್ನೇಹವೂ ಇರಲಿಲ್ಲ. ಒಬ್ಬರ ಕಿಟಕಿಯಿಂದ ಇನ್ನೊಬ್ಬರ ಮೆಟ್ಟಿಲು ಚೆನ್ನಾಗಿ ಕಾಣುತ್ತಿತ್ತು, ಅಷ್ಟೆ.

ಮಗಳ ಬಹುಮಾನದ ಕೋಟನ್ನು ಮಾಸ್ಟರು ಹೊರಗಿನಿಂದ ನೋಡಿ ಕಣ್ಣು ತುಂಬಿಕೊಂಡಿದ್ದರು. "ನನ್ನ ಕೈ! ನೂರಕ್ಕೆ ನೂರು ನನ್ನ ಕೈ!" ಒಳಮೈ ತಿರುವಿ ನೋಡೋಣವೆಂದರೆ ಹುಡುಗಿ ಯಾಕೋ ಬೇಗ ಮಡಿಚಿಟ್ಟುಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ಮಗಳು ಮೊದಲೇ ಶಾಲೆಗೆ ಹೋದಳು. ಮಾಸ್ಟರು ಇದಕ್ಕೆಂದೇ ಹೊಲಿದುಕೊಂಡ ಹೊಸ ಕೋಟು ತೊಟ್ಟು, ಕೊರಳಿಗೆ ಟೇಪು ಹಾಕಿಕೊಂಡು, ಹೆಂಡತಿ ಮತ್ತು ಮೆಕ್ಯಾನಿಕ್ ಬಾಮೈದನ ಜೊತೆ ಹಳೇ ಗಾಡಿಗಳ ಅಂಗಳಕ್ಕೆ ಹೊರಟರು. "ನಂಗೂ ಹೊತ್ತು ಹೋಗ್ತಿರ್ಲಿಲ್ಲ" ಎನ್ನುತ್ತ ಸಡಿಲ ಮಾಸ್ಟರು ಕರೆಯದೇ ಹಿಂದೆ ಬಂದರು.

"ಭಾವ, ಹಳೇ ಗಾಡೀಲಿ ವಯಸ್ಸು ನೋಡ್ಬಾರ್ದು, ಸಾಕಿದೋರನ್ನ ನೋಡ್ಬೇಕು" ಎಂದು ಬಾಮೈದ ದಾರಿಯುದ್ದಕ್ಕೂ ಹೇಳಿಕೊಟ್ಟ. "ಸರ್ವೀಸ್ ಪುಸ್ತಕ ಇದ್ಯಾ, ತಳ ತುಕ್ಕು ಹಿಡಿದಿದ್ಯಾ, ನಾಲ್ಕೂ ಟೈರು ಒಂದೇ ಸಮ ಸವೆದಿದ್ಯಾ, ಇಷ್ಟು ನೋಡಿ. ಬಣ್ಣಕ್ಕೆ ಮರುಳಾಗ್ಬೇಡಿ."

"ಅದು ನಿನ್ನ ಕೆಲಸ. ನಂದು ಅಳತೆ" ಎಂದರು ಮಾಸ್ಟರು. ಜೇಬಿನಲ್ಲಿ ಚೀಟಿ ಇತ್ತು. ಮನೆಯ ಪಕ್ಕದ ಶೆಡ್ಡಿನ ಅಗಲ ಎಪ್ಪತ್ತು ಇಂಚು. ನೆಲದಿಂದ ಅಮ್ಮನ ಮಂಡಿ ಹದಿನೇಳು ಇಂಚು. ಶೆಡ್ಡಿನ ಕೊನೆಯಲ್ಲಿ ಅಡುಗೆಮನೆಯಿಂದ ಮೆಟ್ಟಿಲಿಲ್ಲದೆ ಬರುವ ಬಾಗಿಲಿತ್ತು, ಆದರೆ ಅಲ್ಲಿಂದ ಇಳಿಜಾರು ಹತ್ತಿ ಬೀದಿಗೆ ಬರುವುದು ಅಮ್ಮನ ಕೈಲಾಗದು. ಕಾರು ಶೆಡ್ಡಿನೊಳಗೆ ಬಂದು ನಿಂತರೆ ಅಮ್ಮ ನಾಲ್ಕು ಹೆಜ್ಜೆ ನಡೆದು, ಕಾಲೆತ್ತಿ ಹತ್ತದೆ, ಸೀಟಿಗೆ ಬೆನ್ನು ಕೊಟ್ಟು ಕೂತರಾಯಿತು. ಇಷ್ಟು ಲೆಕ್ಕಾಚಾರ ಮಾಡಿ ಕಾರು ಕೊಳ್ಳುವವನು ಊರಿನಲ್ಲಿ ತಾನೊಬ್ಬನೇ ಎಂದು ಅವರಿಗೆ ಹೆಮ್ಮೆ.

ವ್ಯಾಪಾರಿ ಮೊದಲು ಒಂದು ಪುಟ್ಟ ಕಾರಿನ ಹಿಂಬಾಗಿಲನ್ನು ಮೇಲಕ್ಕೆತ್ತಿ ತೋರಿಸಿದ. "ನೋಡಿ ಸಾರ್, ಹಿಂದಿನಿಂದಾನೂ ಹತ್ತಿ ಇಳೀಬಹುದು!"

"ನಾವೇನು ಕದಿಯೋಕೆ ಹೊರಟಿದ್ದೀವಾ, ಹಿಂದಿನಿಂದ ಹತ್ತಿ ಇಳಿಯೋಕೆ?" ಎಂದು ಮಾಸ್ಟರು ಮುಂದೆ ನಡೆದರು.

ಜೀಪಿನ ಸೀಟು ಮೂವತ್ತೊಂದು ಇಂಚು ಬಂತು. ಬದಿಗೆ ಬಾಗಿಲೇ ಇರಲಿಲ್ಲ, ಬಟ್ಟೆಯ ಪರದೆ ಇತ್ತು. ಆ ಪರದೆಯ ಹೊಲಿಗೆ ನೋಡಿಯೇ ಮಾಸ್ಟರು ಮುಖ ತಿರುಗಿಸಿದರು. ಅದರಾಚೆ ಒಂದು ಸಾಮಾನು ಸಾಗಿಸುವ ತೆರೆದ ಗಾಡಿ ನಿಂತಿತ್ತು. "ಹಿಂದೆ ಕುರ್ಚಿ ಹಾಕಿದ್ರೆ ಅಮ್ಮನಿಗೆ ಒಳ್ಳೇ ಗಾಳಿ" ಎಂದು ಸಡಿಲ ಮಾಸ್ಟರು ಮೂಗು ತೂರಿಸಿದರು.

"ನಮ್ಮಮ್ಮ ಮೂಟೆ ಅಲ್ಲ!"

ಆಮೇಲೆ ಸಿಕ್ಕಿದ್ದು ಆ ವ್ಯಾನು. ಕೆನೆ ಬಣ್ಣ, ಹದಿನಾರು ವರ್ಷ ವಯಸ್ಸು, ಕನ್ನಡಕದಂಗಡಿಯವರೊಬ್ಬರು ಮಗುವಿನ ಹಾಗೆ ಸಾಕಿದ್ದು. ಬಾಮೈದ ಅದರ ಕೆಳಗೆ ನುಸುಳಿ, ಹತ್ತು ನಿಮಿಷ ಬಿಟ್ಟು ನಗುತ್ತಾ ಹೊರಬಂದ. "ಭಾವ, ಚಿನ್ನ! ತಳ ಕನ್ನಡಿ ಇದ್ದಂಗಿದೆ. ಬ್ಯಾಟರಿ ಹೊಸದು. ಕಣ್ಣು ಮುಚ್ಚಿ ತಗೊಳ್ಳಿ." ಹೆಂಡತಿ ಆಗಲೇ ಒಳಗೆ ಕೂತು, ಬದಿಯ ಬಾಗಿಲನ್ನು ಅತ್ತ ಇತ್ತ ಜಾರಿಸಿ ಮಗುವಿನ ಹಾಗೆ ಸಂತೋಷಪಡುತ್ತಿದ್ದಳು.

"ಬೀರು ಬಾಗಿಲು ಇದ್ದಂಗಿದೆ" ಎಂದರು ಮಾಸ್ಟರು. ಆದರೂ ಶಾಸ್ತ್ರಕ್ಕೆ ಟೇಪು ಹಿಡಿದರು. "ಒಳಗಿನ ನೆಲ ಹದಿನಾಲ್ಕು ಇಂಚು. ಸೀಟು ಇನ್ನೂ ಮೇಲೆ. ಅಮ್ಮ ಇದಕ್ಕೆ ಹತ್ತೋದು ಹೇಗೆ?"

"ಮೆಟ್ಟಿಲ ಹತ್ರ..." ಎಂದು ಹೆಂಡತಿ ಬಾಯಿ ತೆರೆದಳು.

"ಹದಿನಾಲ್ಕಾ?" ಎಂದು ಸಡಿಲ ಮಾಸ್ಟರು ಮತ್ತೊಮ್ಮೆ ಕೇಳಿದರು.

"ಹದಿನಾಲ್ಕೇ. ನನ್ನ ಟೇಪು ಸುಳ್ಳು ಹೇಳಲ್ಲ. ಅಲ್ಲ, ಸಭಾಂಗಣದ ಮುಂದೆ ನಮ್ಮಮ್ಮನ್ನ ಸೋಡಾ ಬಾಟಲಿ ಇಳಿಸಿದ ಹಾಗೆ ಇದರಿಂದ ಇಳಿಸ್ಲಾ?"

ಅಷ್ಟರಲ್ಲಿ ಮೂಲೆಯಲ್ಲಿ ಅದು ಕಂಡಿತು. ಉದ್ದ ಮೂಗಿನ, ಹಿಂದೆ ಬೇರೆಯೇ ಡಿಕ್ಕಿಯಿದ್ದ, ಕಡುನೀಲಿ ಬಣ್ಣದ ಹಿರಿಯ ಕಾರು. ಇಪ್ಪತ್ತೆರಡು ವರ್ಷವಾಗಿದ್ದರೂ ನಿವೃತ್ತ ನ್ಯಾಯಾಧೀಶರ ಗತ್ತು. ಮಾಸ್ಟರು ಸೀಟು ಅಳೆದರು. ಹದಿನೇಳು! ಕನ್ನಡಿ ಮಡಿಚಿ ಅಗಲ ಅಳೆದರು. ಅರವತ್ತಾರು! "ಎರಡೂ ಕಡೆ ಎರಡೆರಡು ಇಂಚು. ಅದೂ ಜಾಸ್ತೀನೇ ಆಯ್ತು!" ಎಂದು ಕೂಗಿದರು. ಅವರ ಕಣ್ಣಿಗೆ ಅಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತಿದ್ದರು.

"ಎಂಜಿನ್ ಪರವಾಗಿಲ್ಲ ಭಾವ. ಬ್ಯಾಟರಿ ಮಾತ್ರ ಇವತ್ತೋ ನಾಳೆಯೋ ಅಂತಿದೆ" ಎಂದ ಬಾಮೈದ.

"ನಾಳೆ ಹಾಕಿಸಿದ್ರಾಯ್ತು. ಇವತ್ತು ಅಮ್ಮನ್ನ ಕರ್ಕೊಂಡು ಹೋಗ್ಬೇಕು."

ಹರೆಯದಲ್ಲಿ ಬಟ್ಟೆ ಗಿರಣಿಯ ಗಾಡಿ ಓಡಿಸಿದ್ದ ಕೈ ಮರೆತಿರಲಿಲ್ಲ. ಮಾಸ್ಟರು ಕಾರನ್ನು ಅಗತ್ಯಕ್ಕಿಂತ ನಿಧಾನವಾಗಿ, ಅಗತ್ಯಕ್ಕಿಂತ ಎರಡು ಬೀದಿ ಹೆಚ್ಚು ಸುತ್ತಿಸಿ ಮನೆಗೆ ತಂದರು. ಮೂರು ಗಂಟೆಗೆ ಬೀದಿಯವರೆಲ್ಲ ಶೆಡ್ಡಿನ ಮುಂದೆ ಸೇರಿದ್ದರು. ಹೆಂಡತಿ ಮತ್ತು ಬಾಮೈದ ಮೊದಲೇ ಇಳಿದುಕೊಂಡರು. "ಬಲಕ್ಕೆ!" "ಎಡಕ್ಕೆ!" "ಆಗಲ್ಲ, ಆಗಲ್ಲ!" ಎಂದು ತಲೆಗೊಂದು ಕೂಗಿದರು. ಮಾಸ್ಟರು ಯಾರ ಮಾತೂ ಕೇಳಲಿಲ್ಲ. ಸೂಜಿಗೆ ದಾರ ಪೋಣಿಸಿದ ಹಾಗೆ ಅಷ್ಟು ದೊಡ್ಡ ಕಾರನ್ನು ಇಳಿಜಾರಿನ ಶೆಡ್ಡಿನೊಳಗೆ ನುಗ್ಗಿಸಿ ನಿಲ್ಲಿಸಿದರು. ಒಂದು ಗೀರಿಲ್ಲ! ಜನ ಚಪ್ಪಾಳೆ ತಟ್ಟಿದರು. ಮಾಸ್ಟರು ಎಂಜಿನ್ ಆರಿಸಿ, ಕೋಟು ಸರಿಮಾಡಿಕೊಂಡು, ಬಾಗಿಲು ತೆರೆದರು.

ಬಾಗಿಲು ಎರಡು ಇಂಚು ತೆರೆಯಿತು.

ಆ ಕಡೆಯ ಬಾಗಿಲನ್ನೂ ತೆರೆದರು. ಅದೂ ಎರಡು ಇಂಚು. ಅಳತೆ ಎಷ್ಟು ಸರಿಯಾಗಿತ್ತೆಂದರೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಎದುರಿಗೆ ಅಡುಗೆಮನೆಯ ಬಾಗಿಲು ತೆರೆದು ಅಮ್ಮ ಹೊರಬಂದರು. ಒಳ್ಳೆಯ ಸೀರೆ ಉಟ್ಟು, ಕೋಲೂರಿ, ಮುಂದಿನ ಗಾಜಿನಾಚೆ ನಿಂತು ಮಗನನ್ನು ಕಣ್ತುಂಬ ನೋಡಿದರು. "ಕಾರು ತುಂಬಾ ಚೆನ್ನಾಗಿದೆ ಕಣೋ ಮಗಾ. ನಾನು ಎಲ್ಲಿಂದ ಹತ್ತಲಿ?"

"ಒಂದು ನಿಮಿಷ ಇರಮ್ಮ, ಹೊರಗೆ ತೆಗೀತೀನಿ" ಎಂದು ಮಾಸ್ಟರು ಕೀಲಿ ತಿರುಗಿಸಿದರು. ಕಾರು ಒಮ್ಮೆ ಕೆಮ್ಮಿತು. ಎರಡನೆಯ ಸಲ ಅದೂ ಇಲ್ಲ. ಬ್ಯಾಟರಿ ನಾಳೆಯವರೆಗೆ ಕಾಯಲಿಲ್ಲ.

ಬಾಮೈದ ಅಡುಗೆಮನೆಯ ಕಡೆಯಿಂದ ಬಂದು ಕಾರಿನ ಮೂಗಿಗೆ ಹೆಗಲು ಕೊಟ್ಟ. ನಾಲ್ಕು ಬೆರಳು ಹಿಂದೆ ಹೋದ ಕಾರು ಇಳಿಜಾರಿನಲ್ಲಿ ಮತ್ತೆ ಅವನ ತೆಕ್ಕೆಗೇ ಬಂತು. ಬೀದಿಯವರು ಸಲಹೆಗಳ ಮಳೆ ಸುರಿಸಿದರು. ಕಾರನ್ನೇ ಹಿಂದಿನಿಂದ ಎಳೆಯೋಣವೆಂದರೆ ಹಗ್ಗ ಕಟ್ಟಲು ಕೊಂಡಿಯಿಲ್ಲ. ಕಿಟಕಿಯಿಂದ ಎಳೆಯೋಣವೆಂದರೆ ಗೋಡೆ ಅಡ್ಡ. ಡಿಕ್ಕಿಯಿಂದ ಬನ್ನಿ ಎಂದರೆ ಸೀಟಿನ ಬೆನ್ನು ಅಡ್ಡ. ಪಕ್ಕದ ಮನೆಯಾಕೆ ಸುತ್ತಿಗೆ ತಂದು, "ಮುಂದಿನ ಗಾಜು ಒಡೆದುಬಿಡೋಣ" ಎಂದಾಗ ಮಾಸ್ಟರು ಒಳಗಿನಿಂದಲೇ ಗಾಜನ್ನು ತಬ್ಬಿಕೊಂಡರು.

"ಭಾವ, ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟು ಕೊಟ್ಟರೆ ಹೊರಡುತ್ತೆ. ಆದ್ರೆ ಅದಕ್ಕೆ ತಂತಿ ಬೇಕು, ನಮ್ಮ ಗ್ಯಾರೇಜಿಗೆ ಹೋಗಿ ಬರೋಕೆ ಒಂದು ಗಂಟೆ ಆಗುತ್ತೆ."

ಗಡಿಯಾರದಲ್ಲಿ ಮೂರೂ ಇಪ್ಪತ್ತು. ಗಾಜಿನಾಚೆ ಅಮ್ಮ ಸೆರಗಿನಿಂದ ಕಾರಿನ ಮೂಗಿನ ಮೇಲಿದ್ದ ಧೂಳನ್ನು ಒರೆಸಿದರು. ಮಾಸ್ಟರು ಮತ್ತೊಮ್ಮೆ ಕೀಲಿ ತಿರುಗಿಸಿ ನೋಡಿದರು.

ಆಗ ಬೀದಿಯಲ್ಲಿ ಹಾರನ್ ಕೇಳಿಸಿತು. ಹೆಂಡತಿ ಓಡಿಹೋಗಿ, ಓಡಿ ಬಂದಳು. "ರೀ, ಸಡಿಲ ಮಾಸ್ಟರು! ಆ ವ್ಯಾನು ತಗೊಂಡುಬಿಟ್ಟಿದ್ದಾರೆ!"

ಹಿಂದೆಯೇ ಸಡಿಲ ಮಾಸ್ಟರು ಬಂದು, ಅಪರಾಧಿಯಂತೆ ನಿಂತರು. "ತಪ್ಪು ತಿಳೀಬೇಡಿ ಮಾಸ್ಟ್ರೇ. ನೀವು ಹದಿನಾಲ್ಕು ಅಂದಾಗಲೇ ನಂಗೆ ಹೊಳೀತು. ನಿಮ್ಮ ಮೆಟ್ಟಿಲು ಏಳೇಳು ಇಂಚು, ಎರಡು ಮೆಟ್ಟಿಲು. ದಿನಾ ನೋಡ್ತೀನಲ್ಲ. ಬಾಗಿಲು ಜಾರೋದ್ರಿಂದ ವ್ಯಾನನ್ನ ಮೆಟ್ಟಿಲಿಗೆ ಅಂಟಿಸಿ ನಿಲ್ಲಿಸ್ಬಹುದು. ಅಮ್ಮ ಮನೆಯೊಳಗಿಂದ ನೇರ ಕಾಲಿಟ್ರೆ ವ್ಯಾನು. ಮಂಡಿ ಬಗ್ಗಿಸೋದೇ ಬೇಡ. ಅಲ್ಲಿ ಸಭಾಂಗಣದ ಜಗಲಿಗೂ ಹೀಗೇ ಅಂಟಿಸಿ ನಿಲ್ಲಿಸ್ತೀನಿ. ಅಳತೆ ನಿಮ್ಮದೇ, ಗಾಡಿ ಮಾತ್ರ ನಂದು."

ಮಾಸ್ಟರು ಸ್ಟಿಯರಿಂಗಿನಿಂದ ಕೈ ತೆಗೆದು ಕೋಟು ಸರಿಮಾಡಿಕೊಂಡರು. ಆಮೇಲೆ ಎರಡಿಂಚಿನ ಸಂದಿಯಿಂದ ದೊಡ್ಡ ದನಿಯಲ್ಲಿ, "ಹದಿನಾಲ್ಕು ಅಂದಿದ್ದು ನಾನೇ ತಾನೇ? ಕರ್ಕೊಂಡು ಹೋಗಿ. ಎಲ್ಲರೂ ಹೋಗಿ. ಅಮ್ಮನಿಗೆ ಮುಂದಿನ ಸಾಲಲ್ಲೇ ಜಾಗ ಮಾಡಿ" ಎಂದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಎಲ್ಲರೂ ಹೋದರು. ತಂತಿ ತರಲು ಹೋದ ಬಾಮೈದ, ಕರೆಂಟು ಕೊಡಬೇಕಾದ ವ್ಯಾನೇ ಬಾರದೆ ತಾನೊಬ್ಬ ಬಂದೇನು ಪ್ರಯೋಜನ ಎಂದು ಅವನೂ ಸಮಾರಂಭಕ್ಕೆ ಹೋದ. ಮಾಸ್ಟರು ಹದಿನೇಳು ಇಂಚಿನ ಸೀಟಿನಲ್ಲಿ ಒಬ್ಬರೇ ಕೂತು, ನಾಲ್ಕು ಗಂಟೆಗೆ ಸರಿಯಾಗಿ ತಾವೇ ಚಪ್ಪಾಳೆ ತಟ್ಟಿದರು.

ಆರು ಗಂಟೆಗೆ ಅಮ್ಮ ಗಾಜಿನಾಚೆ ಮತ್ತೆ ಬಂದು ನಿಂತರು. ಎರಡು ವರ್ಷ ಹೊರಗಿನ ಗಾಳಿ ಕಾಣದ ಮುಖ ಹೊಳೆಯುತ್ತಿತ್ತು. "ನಮ್ಮ ಹುಡುಗಿಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು ಮಗಾ! ನಾನೂ ಎದ್ದು ನಿಂತೆ!"

ಪಕ್ಕದಲ್ಲಿ ಮಗಳು ಬಹುಮಾನದ ಬೆಳ್ಳಿ ಕತ್ತರಿ ಹಿಡಿದು ನಿಂತಿದ್ದಳು.

"ಯಾಕೆ ಕೊಟ್ರಂತೆ? ಫಿಟ್ಟಿಂಗಿಗೆ ತಾನೇ?" ಎಂದು ಮಾಸ್ಟರು ಕಾತರದಿಂದ ಕೇಳಿದರು.

ಮಗಳು ಅಜ್ಜಿಯ ಮುಖ ನೋಡಿದಳು, ಕಾರಿನ ಮುಖ ನೋಡಿದಳು. "ಫಿಟ್ಟಿಂಗ್ ಎಲ್ಲರದ್ದೂ ಚೆನ್ನಾಗಿತ್ತಪ್ಪ. ನನ್ನದರಲ್ಲಿ ಮಾತ್ರ ಒಳಗೆ ಎರಡಿಂಚು ಬಟ್ಟೆ ಬಿಟ್ಟಿದ್ದೆ. ತೊಡೋನು ಬೆಳೆದ್ರೂ ಕೋಟು ಹಾಳಾಗಲ್ಲ ಅಂತ ತೀರ್ಪುಗಾರರು ಅದರ ಒಳಮೈ ತಿರುವಿ ಎಲ್ರಿಗೂ ತೋರಿಸಿದ್ರು. ಈ ಬುದ್ಧಿ ಯಾರಿಂದ ಕಲಿತೆ ಅಂತ ಮೈಕಲ್ಲಿ ಕೇಳಿದ್ರು."

ಹಿಂದೆ ನಿಂತಿದ್ದ ಸಡಿಲ ಮಾಸ್ಟರು ಮೆಲ್ಲಗೆ ಕೆಮ್ಮಿದರು.

"ಯಾರ ಹೆಸರು ಹೇಳ್ದೆ?" ಮಾಸ್ಟರ ದನಿ ಸಣ್ಣಗಾಗಿತ್ತು.

"ನಮ್ಮಪ್ಪನಿಂದ ಅಂದೆ. ಅವರು ಒಳಗೆ ಬಟ್ಟೆ ಬಿಡದೇ ಪಡೋ ಪಾಡು ನೋಡಿ ಕಲಿತೆ ಅಂದೆ."

ಮಾಸ್ಟರು ಎರಡನೆಯ ವಾಕ್ಯವನ್ನು ಕೇಳಿಸಿಕೊಳ್ಳಲೇ ಇಲ್ಲ. ಮೈಕಿನಲ್ಲಿ, ಅಷ್ಟು ಜನರ ಮುಂದೆ, ನಮ್ಮಪ್ಪನಿಂದ! ಅವರ ಎದೆ ಹೆಮ್ಮೆಯಿಂದ ಉಬ್ಬಿತು. ಇನ್ನೂ ಉಬ್ಬಿತು. ಒಳಗೆ ಕಾಲಿಂಚು ಬಟ್ಟೆಯೂ ಬಿಡದ ಹೊಸ ಕೋಟು ಎಷ್ಟೆಂದು ತಡೆದೀತು? ಮೂರೂ ಗುಂಡಿಗಳು ಒಂದರ ಹಿಂದೊಂದು ಹಾರಿ ಮುಂದಿನ ಗಾಜಿಗೆ ಟಪಟಪನೆ ಬಡಿದವು.

"ಗಾಜು ಗಟ್ಟಿ ಇದೆ ಭಾವ" ಎಂದ ಬಾಮೈದ. "ಒಳ್ಳೇ ಗಾಡಿ."