ಗಣಪತಿಯ ಅಪ್ಪವೂ ಕೊಳೆತ ಮೊಟ್ಟೆಯ ವಾಸನೆಯೂ

ದೇವರ ಹತ್ತಿರ ಬೇಡುವಾಗ ಮಾತು ನೋಡಿ ಆಡಬೇಕು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಅವನು ಕೊಡುತ್ತಾನೆ, ಆದರೆ ಕೇಳಿದ್ದನ್ನಷ್ಟೇ ಕೊಡುತ್ತಾನೆ. ಇದು ನನ್ನ ತಲೆಗೆ ಹತ್ತಿದ್ದು ಮೊನ್ನೆ, ಬಸಳೆ ದಂಟು ತುಂಡು ಮಾಡುತ್ತ ಕೂತಿದ್ದಾಗ. ಮಗಳು ಸಿಂಚನಾ ಎಂ.ಎಸ್ಸಿ. ಕೆಮಿಸ್ಟ್ರಿ ಸೀಟಿಗೆಂದು ನವಿ ಮುಂಬಯಿಯ ಕಾಲೇಜೊಂದಕ್ಕೆ ಇಂಟರ್‌ವ್ಯೂಗೆ ಹೋಗಿದ್ದಳು. ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು, "ಅಮ್ಮಾ, ವಾಟ್ ಲಗ್ ಗಯೀ" ಎಂದಳು. ಎಲ್ಲ ಕೆಟ್ಟಿತು ಎನ್ನುವುದಕ್ಕೆ ಇಲ್ಲಿ ಹುಟ್ಟಿದ ಮಕ್ಕಳ ಮಾತು ಅದು.

ಹಿಂದಿನ ದಿನವೆಲ್ಲ ಧೋ ಎಂದು ಮಳೆ. ಠಾಕುರ್ಲಿಯಲ್ಲಿ ಹಳಿಯ ಮೇಲೆ ನೀರು ನಿಂತಿತೆಂದರೆ ನಾವು ಡೊಂಬಿವಲಿಯವರು ಮನೆಯಲ್ಲೇ ಬಂದಿಗಳು. ಹೆದರಿ ಹರಕೆ ಹೇಳಿದ್ದೆ: "ಗಣಪತಿ ದೇವರೇ, ಮಗು ಹೊತ್ತಿಗೆ ಸರಿಯಾಗಿ ತಲುಪಿದರೆ ನಿನಗೆ ಅಪ್ಪದ ಪೂಜೆ." ಬೆಲ್ಲ ಹಾಕಿ ತುಪ್ಪದಲ್ಲಿ ಬೇಯಿಸಿದ ಅಪ್ಪವೆಂದರೆ ಅವನಿಗೆ ಪ್ರಾಣ. ಮಾತು ಉಳಿಸಿಕೊಂಡ. ಠಾಣೆಯಲ್ಲಿ ವಾಶಿ ಗಾಡಿ ಎದುರಿಗೇ ಬಂದು ನಿಂತಿತಂತೆ, ಕಿಟಕಿ ಬದಿಯಲ್ಲಿ ಕೂರಲು ಜಾಗವೂ ಸಿಕ್ಕಿತಂತೆ. ಕಾಲೇಜಿನ ಸೀಟಿನ ಸುದ್ದಿಯನ್ನು ನಾನು ಎತ್ತಿರಲೇ ಇಲ್ಲ.

"ಎಂಥ ಕೇಳಿದ್ರು ಮಾರಾಯ್ತಿ?"

"ನೀನು ಎಂಐಡಿಸಿ ಫ್ಯಾಕ್ಟರಿಗಳ ಕಡೆಯವಳಲ್ವಾ, ಕೊಳೆತ ಮೊಟ್ಟೆ ವಾಸನೆ ಬಂದ್ರೆ ಯಾವ ಗ್ಯಾಸ್ ಅಂತ."

"ಅದು ನಿಂಗೆ ಗೊತ್ತಿಲ್ವಾ?"

"ಗೊತ್ತುಂಟು. ಆದ್ರೆ ಬಾಯಲ್ಲಿ, ಸರ್, ನಾವು ವೆಜಿಟೇರಿಯನ್ ಅಂತ ಬಂತು."

ನನ್ನ ಕತ್ತಿ ಅಲ್ಲೇ ನಿಂತಿತು. ಈ ಉತ್ತರ ಅವಳದಲ್ಲ, ನನ್ನದು. ಬಿಲ್ಡಿಂಗಿನ ಮಕ್ಕಳ ಬರ್ತ್‌ಡೇಗೆ ಕಳಿಸುವಾಗಲೆಲ್ಲ, ಕೇಕಿನಲ್ಲಿ ಮೊಟ್ಟೆ ಇರುತ್ತದೆ, ಮೊದಲೇ ಹೀಗೆ ಹೇಳಿಬಿಡು ಎಂದು ಗಿಳಿಗೆ ಕಲಿಸಿದ ಹಾಗೆ ಕಲಿಸಿದ್ದೆ. ಪ್ರೊಫೆಸರುಗಳೆಲ್ಲ ನಕ್ಕರಂತೆ. ಆಮೇಲೆ ಇವಳಿಗೆ ಓದಿದ ಕೆಮಿಸ್ಟ್ರಿಯೇ ಮರೆತುಹೋಯಿತಂತೆ. ಗದರದೆ ನಕ್ಕರಲ್ಲ, ಅದೂ ದೇವರ ದಯೆಯೇ ಎಂದುಕೊಂಡೆ.

ಇಂಥ ಹೊತ್ತಿಗೆ ಇಂಟರ್‌ವ್ಯೂ ಮಾಡಿದ ಸರ್‌ಗೆ ಒಂದು ಮೇಲ್ ಹಾಕಬೇಕಂತೆ. ಅವಳು ಅದನ್ನು ಬರೆದು ಅಳಿಸುತ್ತಿದ್ದರೆ ನಾನು ದೇವರ ಗೂಡಿನ ಮುಂದೆ ಹೋಗಿ ಬಂದು ಸೀಟಿನ ವಿಷಯ ಸೇರಿಸುತ್ತಿದ್ದೆ. "ಅಮ್ಮಾ, ಬಸ್ ಕರೋ, ಸಾಕು! ಇಷ್ಟು ಮೆಸೇಜ್ ಹಾಕಿದ್ರೆ ಗಣಪತಿ ಬಾಪ್ಪಾ ನಿನ್ನ ಬ್ಲಾಕ್ ಮಾಡ್ತಾರೆ."

ಮೇಲ್ ಓದಿಸಿ ಕೇಳಿದೆ. ಮಳೆಯಿಂದಾಗಿ ಗಾಡಿ ತಡವಾಯಿತು, ಓಡಿ ಬಂದು ಗಾಬರಿಯಾಯಿತು ಎಂದಿತ್ತು.

"ಗಾಡಿ ಯಾವಾಗ ತಡ ಆದದ್ದು?" ಎಂದೆ.

"ಅರೇ, ಎಲ್ಲರೂ ಹಾಗೇ ಬರೀತಾರೆ."

"ಗಣಪತಿ ತಂದು ನಿಲ್ಲಿಸಿದ ಗಾಡಿ ಅದು. ಅವನ ಮೇಲೆ ಸುಳ್ಳು ಹೊರಿಸಿ ಅವನ ಹತ್ತಿರವೇ ಸೀಟು ಕೇಳ್ಲಿಕ್ಕುಂಟಾ? ತೆಗಿ ಅದನ್ನು."

ಗೊಣಗುತ್ತ ತೆಗೆದಳು. ಗಾಡಿ ಹೋದ ಮೇಲೆ ಉಳಿದದ್ದು ನಿಜ ಮಾತ್ರ: ಸರ್, ಹೆದರಿ ಹಾಗೆಂದೆ, ಅದು ಹೈಡ್ರೋಜನ್ ಸಲ್ಫೈಡ್, ಕರೆದದ್ದಕ್ಕೆ ಧನ್ಯವಾದ.

ಫೋನು ಟಿಣ್ ಎಂದಾಗಲೆಲ್ಲ ಅಡಿಗೆಮನೆಯಿಂದ ಓಡಿ ಬರುತ್ತಿದ್ದೆ. ಹೆಚ್ಚಿನವು ಗ್ಯಾಸ್ ಸಿಲಿಂಡರಿನವರದ್ದು. ಕೊನೆಗೂ ಇವತ್ತು ಸರ್ ಅವರ ಉತ್ತರ ಬಂತು: ಗ್ಯಾಸ್ ಸರಿ, ಅಂದೇ ಹೇಳಿದ್ದರೆ ಚೆನ್ನಾಗಿತ್ತು, ನಿನ್ನ ಹೆಸರು ವೇಟಿಂಗ್ ಲಿಸ್ಟಿನಲ್ಲಿದೆ. ಮಗಳ ಮುಖ ಬಾಡಿತು. ನಾನು ಕೈ ಮುಗಿದೆ. ಪ್ರತಿ ಮೇ ತಿಂಗಳು ಉಡುಪಿಗೆ ರೈಲು ಹತ್ತುವ ನಮಗೆ ವೇಟಿಂಗ್ ಲಿಸ್ಟ್ ಹೊಸತೇ?

"ಅಮ್ಮಾ, ಈ ಸಲ ಸೀಟು ಅಂತ ಕ್ಲಿಯರ್ ಹೇಳು" ಎಂದಳು, ದೇವರು ಬ್ಲಾಕ್ ಮಾಡುತ್ತಾನೆಂದು ನನ್ನನ್ನು ಹೆದರಿಸಿದ ಅದೇ ಮಗಳು.

ಹಳೆಯ ಹರಕೆಯೇ ತೀರಿಲ್ಲ, ಹೊಸದನ್ನು ಯಾವ ಮುಖದಲ್ಲಿ ಕೇಳಲಿ? ಮೊದಲು ಅಪ್ಪಕ್ಕೆ ಬೆಳ್ತಿಗೆ ಅಕ್ಕಿ ತೊಳೆಯತೊಡಗಿದೆ. ತೊಳೆಯುತ್ತಲೇ ಒಂದೂ ಬಿಡದೆ ಹೇಳಿದೆ: ಇದೇ ಕಾಲೇಜು, ಇದೇ ವರ್ಷ, ಕೆಮಿಸ್ಟ್ರಿಯೇ, ವೇಟಿಂಗ್ ಅಲ್ಲ, ಸೀಟು. ನೀರು ಬಸಿದು ನೆನೆಹಾಕಬೇಕು ಎನ್ನುವಾಗ ನೆನಪಾಯಿತು, ಯಾರಿಗೆ ಎಂದು ಹೇಳಿರಲಿಲ್ಲ. ನಲ್ಲಿ ತಿರುಗಿಸಿ ಅಕ್ಕಿಯನ್ನು ಮತ್ತೆ ಮೊದಲಿನಿಂದ ತೊಳೆದೆ.