ಕಣ್ಣೀರಿಗಿಂತ ಉಪ್ಪಾಗಿರಬಾರದು

ಊರವರಿಗೆ ಹೇಳುವಾಗ ಬರುವಷ್ಟು ಸಲೀಸಾಗಿ ಧೈರ್ಯ ಮನೆಯೊಳಗೆ ಬರುವುದಿಲ್ಲ. ನಾನು ಹುಟ್ಟಾ ಪುಕ್ಕಲ. ಆದರೆ ಎಂಬತ್ತರ ದಶಕದ ಆರಂಭದಲ್ಲಿ, ವರ್ತೂರು ಕಡೆಯ ಹಳ್ಳಿಗಳಿಗೆ ಸೈಕಲ್ ತುಳಿಯುವ ಆರೋಗ್ಯ ಸಹಾಯಕನಾಗಿ, ಕಾಯಿಲೆಗೆ ಹೆದರಬೇಡಿ ಎಂದು ಹೇಳುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು.

ಭೇದಿಯಾದ ಮಕ್ಕಳಿಗೆ ನೀರು ನಿಲ್ಲಿಸಬಾರದು, ಕುಡಿಸುತ್ತಲೇ ಇರಬೇಕು, ಇದು ಸಂಶೋಧನೆಯಿಂದ ರುಜುವಾತಾಗಿದೆ ಎಂದು ನಮಗೆ ಎರಡು ದಿನ ತರಬೇತಿ ಕೊಟ್ಟಿದ್ದರು. ಲೀಟರು ನೀರಿಗೆ ಒಂದು ಹಿಡಿ ಸಕ್ಕರೆ, ಮೂರು ಬೆರಳಿನ ಚಿಟಿಕೆ ಉಪ್ಪು. ಮೊದಲು ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿ. ಅಶ್ವತ್ಥಕಟ್ಟೆಯ ಮೇಲೆ ನಿಂತು ಈ ಗಿಳಿಪಾಠ ಒಪ್ಪಿಸುತ್ತಿದ್ದೆ. ನಮ್ಮ ಮನೆಗೆ ಹಾಲು ಹಾಕುವ ಮುನಿಯಮ್ಮ ಒಮ್ಮೆ ಎದ್ದು, "ತೂತು ಬಿಂದಿಗೆಗೆ ನೀರು ಉಯ್ದಂಗಲ್ವಾ ಸಾಮಿ?" ಎಂದಳು. "ಸೋರಿದಷ್ಟು ತುಂಬ್ತಾ ಇದ್ರೆ ಬಿಂದಿಗೆ ಬರಿದಾಗಲ್ಲ ಕಣಮ್ಮ" ಎಂದು ಬಾಯಿ ಮುಚ್ಚಿಸಿದೆ. ಆ ಉತ್ತರ ನನಗೇ ಬಹಳ ಹಿಡಿಸಿ ಇನ್ನೂ ಮೂರು ಹಳ್ಳಿಗಳಲ್ಲಿ ಹೇಳಿದೆ.

ನನ್ನ ಎರಡು ವರ್ಷದ ಮಗಳಿಗೆ ಭೇದಿ ಹಿಡಿದ ಬೆಳಿಗ್ಗೆ ಆ ಬಿಂದಿಗೆ ಎಲ್ಲಿ ಹೋಯಿತೋ ಕಾಣೆ. ಹೆಂಡತಿ ನೀರಿನ ಲೋಟ ತಂದರೆ, "ಬೇಡ ಕಣೇ, ಇನ್ನೂ ಜಾಸ್ತಿ ಆಗುತ್ತೆ" ಎಂದು ಕಿತ್ತುಕೊಂಡವನು ನಾನೇ. ಚಿಕ್ಕಂದಿನಲ್ಲಿ ನಮ್ಮಮ್ಮ ನನಗೂ ಹಾಗೇ ಮಾಡುತ್ತಿದ್ದಳು. ಮೂವತ್ತು ವರ್ಷದ ಭಯದ ಮುಂದೆ ಎರಡು ದಿನದ ತರಬೇತಿ ಎಲ್ಲಿ ನಿಂತೀತು? ಮಧ್ಯಾಹ್ನದ ಹೊತ್ತಿಗೆ ಮಗುವಿನ ಕಣ್ಣು ಗುಳಿಬಿತ್ತು. ಅಳುವುದನ್ನೂ ಬಿಟ್ಟಿತು. ಆಸ್ಪತ್ರೆಯ ಕಡೆಗೆ ಬಸ್ಸು ಬರಲು ಇನ್ನೂ ಎರಡು ಗಂಟೆಯಿತ್ತು. ಮಗು ಕೈತಪ್ಪಿ ಹೋಗುತ್ತಿದೆ ಎನ್ನಿಸಿತು.

ಅಷ್ಟರಲ್ಲಿ ಹಾಲು ತಂದ ಮುನಿಯಮ್ಮ ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಮೈಯಲ್ಲಿ ನೀರಿದ್ದರೆ ಅದು ತಟ್ಟನೆ ಕೂರಬೇಕು. ನಾನೇ ಕಲಿಸಿದ ಪರೀಕ್ಷೆ. ಚರ್ಮ ನಿಧಾನವಾಗಿ ಇಳಿಯಿತು. "ನೀರು ಕೊಟ್ರಾ ಸಾಮಿ?" ತುಂಬಿದಂತೇ ಇದ್ದ ಲೋಟವನ್ನು ಹೆಂಡತಿ ತೋರಿಸಿದಳು.

"ನೀವು ಯೋಳಿದ್ದು ನಂಬ್ಕಂಡು ನಾನು ಮೊಮ್ಮಗಂಗೆ ಕುಡಿಸಿ ಉಳಿಸ್ಕಂಡೆ. ನೀವೇ ನಂಬ್ನಿಲ್ವಾ?" ಎನ್ನುತ್ತಾ, ಹಾಲು ಅಳೆಯುವ ಲೀಟರನ್ನೇ ಬಿಸಿನೀರಲ್ಲಿ ತೊಳೆದು, ಕಾಯಿಸಿ ಆರಿಸಿದ ನೀರು ತುಂಬಿ, ಸಕ್ಕರೆ ಉಪ್ಪು ಬೆರೆಸಿದಳು. "ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾ?" ಅಷ್ಟು ದಿನ ಭಾಷಣ ಮಾಡಿದ್ದ ನನಗೆ ಕಣ್ಣೀರಿನ ರುಚಿಯೇ ಗೊತ್ತಿರಲಿಲ್ಲ. ಅಂದು ಅದು ಮೀಸೆಯವರೆಗೂ ಹರಿದಿತ್ತು. ಎರಡನ್ನೂ ಹೋಲಿಸಿ, "ಕಮ್ಮಿನೇ ಇದೆ" ಎಂದೆ.

ಚಮಚ ಚಮಚವಾಗಿ ಕುಡಿಸಿದೆವು. ಬಸ್ಸಿನಲ್ಲೂ ನಿಲ್ಲಿಸಲಿಲ್ಲ. ಆಸ್ಪತ್ರೆ ಇನ್ನೂ ದೂರವಿರುವಾಗಲೇ ಮಗಳು ನನ್ನ ಇಸ್ತ್ರಿ ಪ್ಯಾಂಟಿನ ಮೇಲೆ ಉಚ್ಚೆ ಹುಯ್ದಳು. ಒಣಗಿದ ಮಗು ಉಚ್ಚೆ ಹುಯ್ದರೆ ಅರ್ಧ ಗೆದ್ದಂತೆ ಎಂದು ತರಬೇತಿಯಲ್ಲಿ ಹೇಳಿದ್ದರು. ಬಸ್ಸಿಗೆಲ್ಲ ಕೇಳುವಂತೆ ಆ ಶುಭವಾರ್ತೆ ಸಾರಿದೆ.

ಮಗಳು ಚೇತರಿಸಿಕೊಂಡಳು. ಮುಂದಿನ ತಿಂಗಳು ಅದೇ ಕಟ್ಟೆ, ಅದೇ ಭಾಷಣ. ಯಾರೋ ಹೆಂಗಸು, "ಸಾರ್, ನಿಮ್ಮನೇಲೂ ಇದನ್ನೇ ಕೊಡ್ತೀರಾ?" ಎಂದಳು.

"ಮತ್ತೆ? ಧೈರ್ಯವಾಗಿ ಕೊಡ್ತೀವಿ" ಎಂದೆ.

ಮುಂದೆಯೇ ಕೂತಿದ್ದ ಮುನಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಊಂ ಕಣ್ರವ್ವಾ, ಕೊಟ್ರು. ಉಪ್ಪು ಸರಿಯಾಗೈತಾ ಅಂತ ಮೊದ್ಲು ಅವ್ರೇ ಅತ್ತು ನೋಡಿದ್ರು."

ಹೆಂಗಸರೆಲ್ಲ ಅದೂ ವಿಧಾನದ ಒಂದು ಭಾಗವೆಂದೇ ತಿಳಿದು ಗಂಭೀರವಾಗಿ ತಲೆಯಾಡಿಸಿದರು. ನಾನೂ ತಿದ್ದಲು ಹೋಗಲಿಲ್ಲ.